ನ್ಯಾನೊ ಬಾಟಲಿ ಬಿಚ್ಚುವ ಮುನ್ನ

ಅಜ್ಜಂಪುರ, ತರೀಕೆರೆಯ ಈರುಳ್ಳಿ ಬೆಳೆಗಾರರಿಗೂ ಕಡೂರಿನ ರಾಗಿ ರೈತರಿಗೂ ಯೂರಿಯಾ ಮೂಟೆ ಹೊಸದಲ್ಲ. 2021ರಲ್ಲಿ ರಸಗೊಬ್ಬರ ಸಹಕಾರ ಸಂಸ್ಥೆ ಇಫ್ಕೊ ಅದರ ಪಕ್ಕಕ್ಕೆ ಅರ್ಧ ಲೀಟರಿನ ನ್ಯಾನೊ ಯೂರಿಯಾ ಬಾಟಲಿ ತಂದಿಟ್ಟಿತು. ಕಣದ ಗಾತ್ರ 20ರಿಂದ 50 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಹೆದರಬೇಕೆ? ಬರೀ ಗಾತ್ರ ನೋಡಿ ತೀರ್ಪು ಕೊಡಲಾಗದು. ಕಣ ಕಿರಿದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಹೆಚ್ಚುತ್ತದೆ, ರಾಸಾಯನಿಕ ಚುರುಕೂ ಏರಬಹುದು. ಆಕಾರ, ಮೇಲ್ಮೈಯ ವಿದ್ಯುದಂಶ, ಗುಂಪುಗೂಡುವ ಸ್ವಭಾವ, ಕರಗುವ ಗುಣ ಎಲ್ಲವೂ ಸುರಕ್ಷತೆಯ ಲೆಕ್ಕಕ್ಕೆ ಬರುತ್ತವೆ. ಯೂರಿಯಾ ನೀರಲ್ಲಿ ಸಲೀಸಾಗಿ ಕರಗುತ್ತದೆ. ಬೆಳ್ಳಿಯ ನ್ಯಾನೊ ಕಣ ಹಾಗಲ್ಲ. ಒಂದರ ಪರೀಕ್ಷೆ ತೋರಿಸಿ ಇನ್ನೊಂದನ್ನು ಮಾರುವವರ ಮಾತು ನಂಬುವಂಥದ್ದಲ್ಲ. ನ್ಯಾನೊ ಕೃಷಿ ಉತ್ಪನ್ನಗಳ ಮೌಲ್ಯಮಾಪನಕ್ಕೆಂದೇ ಕೇಂದ್ರದ ಮಾರ್ಗಸೂಚಿ 2020ರಲ್ಲಿ ಬಂದಿದೆ.

ಸಿಂಪಡಿಸುವಾಗ ಮಾಸ್ಕ್, ಕೈಗವಸು ಇರಲಿ. ಗಾಳಿಗೆ ಎದುರಾಗಿ ನಿಲ್ಲಬೇಡಿ, ಲೇಬಲ್ಲಿನ ಪ್ರಮಾಣ ಮೀರಬೇಡಿ.