ಕೀಲುನೋವಿಗೆ ಹೋದಾಗ ಹೊಟ್ಟೆಯ ಮಾತನ್ನೂ ಹೇಳು

ಚಿರಂಜೀವಿ ತಮ್ಮನಿಗೆ,

ರಾಣೆಬೆನ್ನೂರಿನಿಂದ ನಿನ್ನ ದೊಡ್ಡಪ್ಪನ ಕಾಗದವಿದು. ನಿನ್ನ ವಾರಗೆಯ ಬೇರೆಯವರಿಗೂ ಬೇಕಾದೀತೆಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಸೋಮವಾರ, ಗುರುವಾರ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವನು ನೀನು. ಸೊಂಟ ಹಿಡಿದರೆ ದುಡಿಮೆಯ ನೋವು ಅಂತೀಯ, ಹೊಟ್ಟೆ ಕೆಟ್ಟರೆ ಖಾರದ ಕಾಟ ಅಂತೀಯ. ಎರಡಕ್ಕೂ ಬೇರೆ ಬೇರೆ ಗುಳಿಗೆ ನುಂಗುತ್ತೀಯ. ಆದರೆ ಎರಡರ ಬೇರೂ ಒಂದೇ ಇರಬಹುದು.

ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತಗಳಿವೆ. ಇವು ಮೆಣಸಿನಕಾಯಿಯಿಂದ ಹುಟ್ಟುವುದಿಲ್ಲ. ಕರುಳು ಕೆರಳಿದಾಗ ಖಾರ ತಡೆಯದಿರಬಹುದು, ಅಷ್ಟೇ. ಇವು ಕೆಲವರಲ್ಲಿ ಕೀಲುಗಳನ್ನೂ ಕಾಡುತ್ತವೆ. ಮೊಣಕಾಲು, ಪಾದದ ಕೀಲುಗಳ ಬಾವು ಸಾಮಾನ್ಯವಾಗಿ ಕರುಳಿನ ಜೊತೆಗೇ ಏರುತ್ತದೆ, ಇಳಿಯುತ್ತದೆ. ಬೆನ್ನುಮೂಳೆಯ ಕೀಲುಗಳದ್ದು ಹಾಗಲ್ಲ. ಹೊಟ್ಟೆ ತಣ್ಣಗಿದ್ದಾಗಲೂ ಒಳಗೊಳಗೇ ಮುಂದುವರಿಯಬಲ್ಲದು. ಕೆಲವರಿಗೆ ಹೊಟ್ಟೆಗಿಂತ ಮೊದಲೇ ಕೀಲು ನೋಯುವುದುಂಟು.

ಗುರುತು ಹಿಡಿಯುವುದು ಹೀಗೆ. ದುಡಿಮೆಯ ನೋವು ಮಲಗಿದರೆ ತಗ್ಗುತ್ತದೆ. ಉರಿಯೂತದ ನೋವು ಮಲಗಿದಾಗಲೇ ಹೆಚ್ಚಿ ನಸುಕಿನಲ್ಲಿ ಎಬ್ಬಿಸುತ್ತದೆ. ಎದ್ದ ಮೇಲೆ ಅರ್ಧ ಗಂಟೆಗೂ ಮಿಕ್ಕಿ ಸೊಂಟ ಬಿಗಿದಿರುತ್ತದೆ, ನಡೆದಾಡಿದರೆ ಸಡಿಲುತ್ತದೆ. ಇಂಥ ನೋವು 3 ತಿಂಗಳು ದಾಟಿದ್ದರೆ, ಜೊತೆಗೆ ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಯುವುದು ಇದ್ದರೆ ತಡ ಮಾಡಬೇಡ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅಂದೇ ತೋರಿಸು.

ಮೆಡಿಕಲ್ ಶಾಪಿನಿಂದ ನೀನೇ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕರುಳಿನ ಉರಿಯೂತವನ್ನು ಕೆರಳಿಸಬಹುದು. ಡಾಕ್ಟರು ಬರೆದುಕೊಡುವ ಸ್ಟಿರಾಯ್ಡ್ ಬಹಳ ದಿನ ನಡೆದರೆ ಮೂಳೆ ಸವೆಯಬಹುದು. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಎಂದು ಕೇಳು, ಸ್ಟಿರಾಯ್ಡನ್ನು ನೀನಾಗಿ ಮಾತ್ರ ನಿಲ್ಲಿಸಬೇಡ. ಸಲ್ಫಾಸಲಾಜಿನ್ ದೊಡ್ಡ ಕರುಳಿಗೂ ಕೈಕಾಲಿನ ಕೀಲುಗಳಿಗೂ ನೆರವಾಗುತ್ತದೆ, ಬೆನ್ನಿಗೆ ಅಷ್ಟಾಗಿ ಇಲ್ಲ. ಎಟನರ್ಸೆಪ್ಟ್ ಇಂಜೆಕ್ಷನ್ ಕೀಲಿಗೆ ನಾಟಿದರೂ ಕರುಳಿಗೆ ನಾಟದು. ಅದಕ್ಕೇ ಕೀಲಿನ ಡಾಕ್ಟರಿಗೆ ಹೊಟ್ಟೆಯ ಸಂಗತಿ, ಹೊಟ್ಟೆಯ ಡಾಕ್ಟರಿಗೆ ಕೀಲಿನ ಸಂಗತಿ ಗೊತ್ತಿರಲೇಬೇಕು. ಟಿಬಿ ಪರೀಕ್ಷೆ ಬರೆದುಕೊಟ್ಟರೆ ಬೇಸರಿಸಬೇಡ: ಕರುಳಿನ ಟಿಬಿ ಕ್ರೋನ್ಸ್‌ನಂತೆಯೇ ಕಾಣುತ್ತದೆ, ಅಡಗಿರುವ ಟಿಬಿಯನ್ನು ಕೆಲವು ಇಂಜೆಕ್ಷನ್‌ಗಳು ಎಬ್ಬಿಸಬಲ್ಲವು. ಬೀಡಿ ಬಿಡು, ಕ್ರೋನ್ಸ್‌ಗೆ ಹೊಗೆ ವೈರಿ.

ಸಂಡಾಸದ ಮಾತಾಡಲು ನಾಚಬೇಡ, ತಮ್ಮಾ. ದಿನಕ್ಕೆಷ್ಟು ಸಲ, ರಕ್ತ ಇತ್ತೇ, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೋ. ಮೊದಲು ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ ತೋರಿಸೋಣ, ಅವರು ಹೇಳಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋಗೋಣ. ನಾನು ಇಲ್ಲಿ ರೈಲು ಹತ್ತುತ್ತೇನೆ, ನೀನು ಬ್ಯಾಡಗಿಯಲ್ಲಿ ಹತ್ತು. ಯಾವ ದಿನ ಅಂತ ಇವತ್ತೇ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ