ಸಾಮಾನು ಸಿಗದ ಊರಿನಲ್ಲಿ ಶುಂಠಿ ಬಿಯರು

ಕಳೆದ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಗೋದಾಮಿನ ಮುಂದೆ ಕಾಯುತ್ತಿದ್ದಾಗ ನಮ್ಮ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಪಟ್ಟಣದಲ್ಲಿ ಓದುತ್ತಿರುವ ಅವರ ಮಗ ಮನೆಯಲ್ಲೇ ಬಿಯರು ಮಾಡುವ ವಿಧಾನವನ್ನು ಎಲ್ಲಿಯೋ ಓದಿ, ಮಾಲ್ಟು, ಹಾಪ್ಸು, ಈಸ್ಟು ಎಂದು ಚೀಟಿ ಬರೆದುಕೊಂಡು ಪೇಟೆಯೆಲ್ಲ ಸುತ್ತಿ ಬರಿಗೈಯಲ್ಲಿ ಹಿಂತಿರುಗಿದನಂತೆ. ದಿನಸಿ ಅಂಗಡಿಯಲ್ಲಿ ಸಿಕ್ಕ ಬಾರ್ಲಿಯನ್ನೇ ನೆನೆಹಾಕಿದರೆ ಅದು ಮೊಳಕೆಯೊಡೆಯದೆ ನಾರಿತು. "ಸಾಮಾನು ಇಲ್ಲದ ಊರಿನವರು ಇಂಥದ್ದನ್ನೆಲ್ಲ ಮಾಡಲಿಕ್ಕೇ ಆಗುವುದಿಲ್ಲವೋ?" ಎಂಬುದು ಅವರ ಪ್ರಶ್ನೆ. ಅದಕ್ಕೆ ಅಲ್ಲಿಯೇ ನಿಂತು ಕೊಟ್ಟ ಉತ್ತರ ಅರ್ಧಂಬರ್ಧವಾಯಿತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಕಾನೂನಿನ ಮಾತು. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಲ್ಪವೇ ಮಾಡಿದೆವು, ಮನೆಮಟ್ಟಿಗೆ ಮಾಡಿದೆವು ಎಂದು ಹೇಳಿ ಪಾರಾಗುವ ದಾರಿಯನ್ನು ನಾನು ಹೇಳಿಕೊಡಲಾರೆ. ಆದುದರಿಂದ ಇಲ್ಲಿ ವಿವರಿಸುವುದು ಹೆಸರಿಗೆ ಮಾತ್ರ ಬಿಯರು ಆಗಿರುವ ಶುಂಠಿ ಪಾನೀಯ. ಹುದುಗು ಶುರುವಾಗಿ ಗುಳ್ಳೆ ಬಂದೊಡನೆ ನಿಲ್ಲಿಸಿಬಿಡುವಂಥದ್ದು. ಎಲ್ಲಿ ನಿಲ್ಲಿಸಬೇಕು, ಏಕೆ ನಿಲ್ಲಿಸಬೇಕು ಎಂಬುದೇ ಈ ಪಾಠದ ಮುಖ್ಯ ಭಾಗ.

ಆ ಹುಡುಗನ ಚೀಟಿಯಲ್ಲಿದ್ದ ಮೂರು ಸಾಮಾನುಗಳ ಕೆಲಸವೇನೆಂದು ನೋಡೋಣ. ಮಾಲ್ಟು ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯನ್ನಾಗಿ ಮಾಡುತ್ತವೆ. ಅಂಗಡಿಯ ಬಾರ್ಲಿ ಹೊಟ್ಟು ತೆಗೆದು ಹೊಳಪು ಕೊಟ್ಟದ್ದು. ಅದರ ಮೊಳಕೆಯ ಭಾಗವೇ ಕೆಟ್ಟಿರುತ್ತದೆ. ಮಕ್ಕಳಿಗೆ ರಾಗಿ ಮಾಲ್ಟು ಮಾಡುವ ನಮ್ಮ ಹೆಂಗಸರಿಗೆ ಈ ವಿದ್ಯೆ ಹೊಸದಲ್ಲ. ನೇಪಾಳ ಸಿಕ್ಕಿಮಿನವರ ತೋಂಗ್ಬಾ ಎಂಬ ಪಾನೀಯ ನಮ್ಮ ಈ ರಾಗಿಯದೇ. ಪೂರ್ವ ಆಫ್ರಿಕಾದಲ್ಲಿಯೂ ರಾಗಿಯ ಬಿಯರನ್ನು ನಡುವೆ ಗಡಿಗೆಯಿಟ್ಟು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಬಾರ್ಲಿ ಇಲ್ಲವೆಂದು ಅವರು ಯಾರೂ ಕಾದು ಕುಳಿತವರಲ್ಲ.

ಹಾಪ್ಸು ಒಂದು ಬಳ್ಳಿಯ ಹೂವು. ಬಿಯರಿಗೆ ಕಹಿಯನ್ನು ಕೊಡುವುದಲ್ಲದೆ, ಹುಳಿ ಹಿಡಿಸುವ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆದಿದ್ದಾರೆ. ಮೆಣಸಿನ ಬಳ್ಳಿಯ ಜೊತೆಗೆ ಒಂದು ಬಳ್ಳಿ ಹಬ್ಬಿಸೋಣವೆಂದರೆ ಆಗದು. ಅದು ಚೆನ್ನಾಗಿ ಹೂ ಬಿಡಲು ಬೇಸಿಗೆಯ ಹಗಲು ಬಹಳ ದೀರ್ಘವಾಗಿರಬೇಕು. ಮಲೆನಾಡಿನ ಅತಿ ದೊಡ್ಡ ಹಗಲೂ ಸುಮಾರು 13 ಗಂಟೆ ಅಷ್ಟೆ. ಹಾಪ್ಸು ಬಳಕೆಗೆ ಬರುವ ಮೊದಲು ಯುರೋಪಿನವರೂ ಕಾಡಿನ ಗಿಡಮೂಲಿಕೆಗಳನ್ನೇ ಹಾಕುತ್ತಿದ್ದರು. ನಮ್ಮಲ್ಲಿ ಖಾರಕ್ಕೆ ಶುಂಠಿ ಇದೆ.

ಇನ್ನು ಈಸ್ಟು. ಕಾಫಿ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪಲ್ಪರಿನಿಂದ ಬಂದ ಅರೇಬಿಕಾ ಬೀಜವನ್ನು ತೊಟ್ಟಿಯಲ್ಲಿ ಬಿಟ್ಟರೆ ಒಂದು ಒಂದೂವರೆ ದಿನದಲ್ಲಿ ಲೋಳೆ ಬಿಡುತ್ತದಲ್ಲ, ಅದಕ್ಕೆ ನಾವು ಪೇಟೆಯಿಂದ ಏನನ್ನೂ ತಂದು ಹಾಕುವುದಿಲ್ಲ. ಹಣ್ಣಿನ ಮೇಲೆ ಇರುವ ಈಸ್ಟು ಮತ್ತು ಬ್ಯಾಕ್ಟೀರಿಯಗಳೇ ಆ ಕೆಲಸ ಮಾಡುತ್ತವೆ. ಶುಂಠಿಯ ಸಿಪ್ಪೆಯ ಮೇಲೂ ಅಂಥವೇ ಇವೆ. ಇಂಗ್ಲೆಂಡಿನ ಮನೆಗಳಲ್ಲಿ ಶುಂಠಿ ಬಿಯರಿಗಾಗಿ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದ ಒಂದು ಬಗೆಯ ಹೆಪ್ಪನ್ನು ಪರೀಕ್ಷಿಸಿ, ಅದು ಒಂದು ಈಸ್ಟು ಮತ್ತು ಒಂದು ಬ್ಯಾಕ್ಟೀರಿಯದ ಕೂಡುಬಾಳು ಎಂದು 1892ರಲ್ಲಿ ಪ್ರಕಟಿಸಿದವರು ಹ್ಯಾರಿ ಮಾರ್ಷಲ್ ವಾರ್ಡ್. ಈ ಹೆಸರು ನಮಗೆ ಪರಕೀಯವಲ್ಲ. 1880ರಲ್ಲಿ ಸಿಂಹಳದ ಕಾಫಿ ತೋಟಗಳನ್ನು ತಿಂದುಹಾಕುತ್ತಿದ್ದ ಎಲೆ ತುಕ್ಕು ರೋಗವನ್ನು ಅಭ್ಯಾಸ ಮಾಡಲು ಹೋದವರು ಇವರೇ.

ಈಗ ಕೆಲಸಕ್ಕೆ ಬರೋಣ. ಎರಡು ಲೋಟ ನೀರನ್ನು ಕುದಿಸಿ ಆರಿಸಿ ಒಂದು ಗಾಜಿನ ಭರಣಿಗೆ ಹಾಕಿ. ಚೆನ್ನಾಗಿ ತೊಳೆದ ಹಸಿ ಶುಂಠಿಯನ್ನು ಸಿಪ್ಪೆ ತೆಗೆಯದೆ ತುರಿದು ಎರಡು ಚಮಚ, ಸಕ್ಕರೆ ಎರಡು ಚಮಚ ಸೇರಿಸಿ ಕಲಕಿ, ಬಾಯಿಗೆ ತೆಳುಬಟ್ಟೆ ಕಟ್ಟಿಡಿ. ದಿನಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ ಕಲಕುತ್ತಿರಬೇಕು. ಬೇಸಿಗೆಯಲ್ಲಿ ನಾಲ್ಕು ದಿನಕ್ಕೆ, ಮಳೆಗಾಲದಲ್ಲಿ ವಾರಕ್ಕೆ ಗುಳ್ಳೆಯೆದ್ದು ಹಿತವಾದ ಹುಳಿ ವಾಸನೆ ಬರುತ್ತದೆ. ಇದೇ ಹೆಪ್ಪು. ಮೇಲೆ ಕಪ್ಪು, ಹಸಿರು ಅಥವಾ ಕೆಂಪು ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಜಿಪುಣತನ ಬೇಡ, ಪೂರ್ತಿ ಚೆಲ್ಲಿಬಿಡಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಬಿತ್ತನೆಗೆಂದು ಇಟ್ಟ ಶುಂಠಿ ಮೂಲೆಯಲ್ಲಿ ಮಿಕ್ಕಿರುತ್ತದೆ. ಕೊಳೆ ರೋಗ ಬಾರದಿರಲೆಂದು ಮ್ಯಾಂಕೋಜೆಬ್ ನೀರಿನಲ್ಲಿ ಅದ್ದಿದ ಗಡ್ಡೆ ಅದು. ಕೆಲವರು ಅದಕ್ಕೆ ಕೀಟನಾಶಕವನ್ನೂ ಬೆರೆಸಿರುತ್ತಾರೆ. ನಾನು ಮೊದಲ ಸಲ ಹೆಪ್ಪು ಹಾಕಲು ಹೊರಟಾಗ ಆಳಿನ ಹುಡುಗ ಅದೇ ಚೀಲದಿಂದ ಎರಡು ಗಡ್ಡೆ ತೊಳೆದು ತಂದಿಟ್ಟಿದ್ದ. ನನ್ನ ಅತ್ತಿಗೆ ನೋಡಿ, "ಇದು ಔಷಧಿ ಶುಂಠಿ ಅಲ್ಲವೋ ಮಾರಾಯ" ಎನ್ನದಿದ್ದರೆ ಅದೇ ಭರಣಿಗೆ ಹೋಗುತ್ತಿತ್ತು. ತೊಳೆದರೆ ಹೋಗುವ ವಿಷವಲ್ಲ ಅದು. ಅಂಥ ಶುಂಠಿ ಬೇಡವೇ ಬೇಡ. ಈ ಕೆಲಸಕ್ಕೆಂದೇ ಹಿತ್ತಿಲಲ್ಲಿ ಔಷಧಿ ಸೋಕದ ಒಂದು ಸಾಲು ನೆಟ್ಟುಕೊಳ್ಳುವುದು ಮೇಲು. ರಿಗೋಡಿ, ಹಿಮಾಚಲ ಯಾವುದಾದರೂ ಆದೀತು; ನಾಟಿ ಶುಂಠಿಗೆ ಖಾರ ಹೆಚ್ಚು. ಹಾಗೆಯೇ ಔಷಧಿಯ ಡಬ್ಬ, ಬಾಟಲಿಗಳನ್ನು ಎಷ್ಟೇ ತೊಳೆದರೂ ಇದಕ್ಕೆ ಬಳಸಕೂಡದು.

ಎರಡು ಲೀಟರು ಪಾನೀಯಕ್ಕೆ 100 ಗ್ರಾಂ ಶುಂಠಿಯನ್ನು ಜಜ್ಜಿ, 160 ಗ್ರಾಂ ಸಕ್ಕರೆಯೊಡನೆ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಸೋಸಿ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಹೆಪ್ಪು ಹಾಕಿದರೆ ಈಸ್ಟು ಸಾಯುತ್ತದೆ. ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ, ಸೋಸಿದ ಹೆಪ್ಪಿನ ನೀರು ಅರ್ಧ ಲೋಟ ಹಾಕಿ. ಬೆಲ್ಲದಿಂದಲೂ ಮಾಡಬಹುದು, ಬಣ್ಣ ಕಪ್ಪಾದರೂ ರುಚಿ ನನಗೆ ಅದೇ ಹಿಡಿಸುತ್ತದೆ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗೆ ನಾಲ್ಕು ಬೆರಳು ಜಾಗ ಬಿಟ್ಟು ತುಂಬಿ ಬಿಗಿಯಾಗಿ ಮುಚ್ಚಿ.

ಇನ್ನು ಮುಂದಿನದು ಲೆಕ್ಕ. ಈಸ್ಟು ಸಕ್ಕರೆಯನ್ನು ತಿಂದಾಗ ಅದರ ತೂಕದ ಸುಮಾರು ಅರ್ಧ ಆಲ್ಕೋಹಾಲು, ಇನ್ನರ್ಧ ಅನಿಲವಾಗುತ್ತದೆ. ಒಂದು ಲೀಟರಿಗೆ ಒಳ್ಳೆಯ ಗುಳ್ಳೆ ಬರಲು 4 ಗ್ರಾಂ ಅನಿಲ ಸಾಕು, ಅಂದರೆ 8 ಗ್ರಾಂ ಸಕ್ಕರೆ. ಅಷ್ಟರಲ್ಲಿ ಹುಟ್ಟುವ ಆಲ್ಕೋಹಾಲು ಶೇಕಡಾ ಅರ್ಧದ ಆಸುಪಾಸು. ಆಹಾರ ಸುರಕ್ಷತೆಯ 2018ರ ನಿಯಮಗಳು ಶೇಕಡಾ 0.5ಕ್ಕಿಂತ ಮೇಲಿರುವುದನ್ನು ಮದ್ಯಯುಕ್ತ ಪಾನೀಯವೆಂದೇ ಎಣಿಸುತ್ತವೆ. ನಾವು ಹಾಕಿದ್ದೋ ಲೀಟರಿಗೆ 80 ಗ್ರಾಂ. ಮರೆತು ಬಿಟ್ಟು ಈಸ್ಟು ಅಷ್ಟನ್ನೂ ತಿಂದರೆ ಆಲ್ಕೋಹಾಲು ಶೇಕಡಾ 5ರ ಹತ್ತಿರ, ಅಂದರೆ ಅಂಗಡಿಯ ಬಿಯರಿನಷ್ಟು. ಅನಿಲ ಬೇಕಾದುದರ ಹತ್ತು ಪಟ್ಟು. ಯಾವ ಬಾಟಲಿಯೂ ಅದನ್ನು ತಡೆಯಲಾರದು.

ಇದು ಪುಸ್ತಕದ ಮಾತಲ್ಲ. ಒಂದು ಏಪ್ರಿಲಿನಲ್ಲಿ ಹನ್ನೆರಡು ಗಾಜಿನ ಬಾಟಲಿ ತುಂಬಿಸಿ ಅಟ್ಟದಲ್ಲಿಟ್ಟು ನೆಂಟರ ಮದುವೆಗೆ ಹೋದೆ. ಮೂರು ದಿನ ಬಿಟ್ಟು ಬಂದಾಗ ಎರಡು ಒಡೆದು ಅಟ್ಟವೆಲ್ಲ ಅಂಟಾಗಿತ್ತು. ಮೂರನೆಯದನ್ನು ಎತ್ತಲು ಕೈ ಹಾಕಿದೆ, ಸಿಡಿಯಿತು. ಮುಂಗೈಗೆ ನಾಲ್ಕು ಹೊಲಿಗೆ. ಗಾಜಿನ ಚೂರೊಂದು ಎದುರಿನ ತೊಲೆಯಲ್ಲಿ ಈಗಲೂ ಇದೆ, ಕೀಳಲಿಕ್ಕೆ ಹೋಗಿಲ್ಲ.

ಪ್ಲಾಸ್ಟಿಕ್ ಬಾಟಲಿಯ ಗುಣವೇನೆಂದರೆ ಹೆಬ್ಬೆರಳಿನಿಂದ ಒತ್ತಿ ಒಳಗಿನ ಒತ್ತಡವನ್ನು ತಿಳಿಯಬಹುದು. ಏಪ್ರಿಲಿನಲ್ಲಿ ಒಂದು ದಿನ, ಜುಲೈಯಲ್ಲಿ ಎರಡು ಮೂರು ದಿನ ಹೊರಗಿಟ್ಟು, ಬೆಳಿಗ್ಗೆ ಸಂಜೆ ಒತ್ತಿ ನೋಡುತ್ತಿರಬೇಕು. ಅಂಗಡಿಯಿಂದ ತಂದ ಹೊಸ ಸೋಡಾದಷ್ಟು ಬಿಗಿಯಾಗುವವರೆಗೆ ಕಾಯಬಾರದು, ಅದಕ್ಕೂ ಸ್ವಲ್ಪ ಮೊದಲೇ ಫ್ರಿಜ್ಜಿಗೆ ಇಡಿ. ಗುಳ್ಳೆ ಕಡಿಮೆಯಾದೀತು, ಚಿಂತೆಯಿಲ್ಲ. ತಂಪಿನಲ್ಲಿ ಈಸ್ಟು ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ ಎರಡು ದಿನ ಬಾರದಿದ್ದರೆ ಮತ್ತೆ ಹುದುಗಲು ತೊಡಗುತ್ತದೆ. ಆಗ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ಅನಿಲ ಬಿಡಬೇಕು, ಇಲ್ಲವೇ ಅಂದೇ ಕುಡಿದು ಮುಗಿಸಬೇಕು. ಹೇಗಿದ್ದರೂ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡುವುದು ಬೇಡ.

ಆಲ್ಕೋಹಾಲು ಎಷ್ಟಿದೆಯೆಂದು ಮನೆಯಲ್ಲಿ ಅಳೆದು ನೋಡುವ ಸುಲಭ ಉಪಾಯವಿಲ್ಲ. ಆದ್ದರಿಂದ ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ಕುಡಿತ ಬಿಟ್ಟವರಿಗೆ ಇದನ್ನು ಕೊಡಬೇಡಿ. ವ್ರತನಿಯಮದವರಿಗೆ ಇಂಥದ್ದೆಂದು ತಿಳಿಸಿಯೇ ಕೊಡಿ. ಅವರಿಗೆಲ್ಲ ಹೆಪ್ಪು ಹಾಕದ ಶುಂಠಿ ಪಾನಕಕ್ಕೆ ಸೋಡಾ ಬೆರೆಸಿದರೆ ಆಯಿತು. ಶುಂಠಿಗೆ ಬೆಲೆ ಬಿದ್ದ ವರ್ಷ ಇದನ್ನೇ ಮಾಡಿ ಮಾರೋಣವೇ ಎಂದು ಗೋದಾಮಿನ ಮುಂದೆ ಇನ್ನೊಬ್ಬರು ಕೇಳಿದ್ದರು. 60 ಕಿಲೋ ಚೀಲದ ಸಂಕಟ ನನಗೂ ಗೊತ್ತು. ಆದರೆ ತಾನಾಗಿಯೇ ಹುದುಗುತ್ತಿರುವ ಬಾಟಲಿಯನ್ನು ಬಿಸಿಲಿನಲ್ಲಿ ಬಸ್ಸಿನ ಮೇಲೆ ಹಾಕಿ ಕಳುಹಿಸುವ ಧೈರ್ಯ ಯಾರಿಗೂ ಬೇಡ.

ಹೆಪ್ಪನ್ನು ಉಳಿಸಿಕೊಳ್ಳಲು ಭರಣಿಯನ್ನು ಫ್ರಿಜ್ಜಿನಲ್ಲಿ ಮುಚ್ಚಳ ಬಿಗಿಯದೆ ಇಟ್ಟು, ವಾರಕ್ಕೊಮ್ಮೆ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕುತ್ತಿದ್ದರೆ ಸಾಕು. ಕೊಯ್ಲಿನ ಗಡಿಬಿಡಿಯಲ್ಲಿ ಮರೆತು ಸತ್ತುಹೋದರೆ ಬೇಸರ ಬೇಡ. ಹಿತ್ತಿಲ ಸಾಲಿನಿಂದ ಇನ್ನೊಂದು ಗಡ್ಡೆ ಕಿತ್ತರೆ ವಾರದೊಳಗೆ ಹೊಸದು ಸಿದ್ಧವಾಗುತ್ತದೆ.