ಡಯಾಲಿಸಿಸ್ ರೋಗಿಯ ತುರಿಕೆಗೆ ದನದ ಔಷಧ ಬೇಡ



"ಡಾಕ್ಟ್ರೇ, ನಮ್ಮ ತಂದೆಯವರಿಗೆ ಡಯಾಲಿಸಿಸ್ ನಡೀತಿದೆ. ರಾತ್ರಿಯೆಲ್ಲ ಮೈ ಕೆರೆದುಕೊಳ್ತಾರೆ. ಉಣ್ಣೆಗೆ ಹಚ್ಚುವ ಔಷಧ ಹಚ್ಚಬಹುದೇ?" ಎಂದು ಸದಸ್ಯರು ಕೇಳುವುದುಂಟು. ಖಂಡಿತ ಹಚ್ಚಬಾರದು. ಅದು ಕೀಟನಾಶಕ. ಕೆರೆದು ಗಾಯವಾದ ಚರ್ಮದ ಮೂಲಕ ವಿಷ ದೇಹಕ್ಕೆ ಸೇರಬಹುದು. ದನದ ಇಂಜೆಕ್ಷನ್ ಕೂಡ ಮನುಷ್ಯರಿಗಲ್ಲ.

ತುರಿಕೆ ಏಕೆ?

ದನಗಳ ತುರಿಕೆಗೆ ಹೆಚ್ಚಾಗಿ ಉಣ್ಣೆ, ಹೇನು, ಕಜ್ಜಿಹುಳು ಕಾರಣ. ಮೂತ್ರಪಿಂಡ ಸೋತವರ ತುರಿಕೆ ಒಳಗಿನಿಂದ ಬರುತ್ತದೆ. ರಕ್ತದಲ್ಲಿ ಉಳಿಯುವ ಕಲ್ಮಶ, ಒಣಗಿದ ಚರ್ಮ, ನರಗಳಲ್ಲಾದ ಬದಲಾವಣೆ, ರಂಜಕ ಮತ್ತು ಸುಣ್ಣದ ಅಂಶಗಳ ಏರುಪೇರು ಇದಕ್ಕೆ ಕಾರಣವಾಗಬಹುದು. ಬೆನ್ನು, ಕೈಗಳಲ್ಲಿ ಹೆಚ್ಚು. ರಾತ್ರಿ ನಿದ್ದೆ ಕೆಡಿಸುತ್ತದೆ.

ರಂಜಕ ತಮಗೆ ಹೊಸದಲ್ಲ. ಅದು ಕಡಿಮೆಯಾದರೆ ದನ ಮಣ್ಣು, ಬಟ್ಟೆ, ಮೂಳೆ ತಿನ್ನುತ್ತದೆಂದೇ ಖನಿಜ ಮಿಶ್ರಣ ಕೊಡುತ್ತೇವೆ. ಮೂತ್ರಪಿಂಡ ರೋಗಿಯಲ್ಲಿ ಇದಕ್ಕೆ ತದ್ವಿರುದ್ಧ: ಹೊರಹೋಗದ ರಂಜಕ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಡಯಾಲಿಸಿಸ್ ಅದನ್ನು ಪೂರ್ತಿ ತೆಗೆಯಲಾರದು.

ಹಾಲಿನ ವಿಷಯ

ಹಾಲು ಮಾರುವ ನಾವೇ ಇದನ್ನು ಹೇಳಬೇಕು. 200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 180 ಮಿ.ಗ್ರಾಂ ರಂಜಕವಿದೆ, ಎಮ್ಮೆ ಹಾಲಿನಲ್ಲಿ ಇನ್ನೂ ಹೆಚ್ಚು. ಮನೆಯ ಹಾಲೆಂದು ರೋಗಿಗೆ ಲೋಟಗಟ್ಟಲೆ ಕುಡಿಸಬೇಡಿ. ಹಾಗೆಂದು ತಾವೇ ಪೂರ್ತಿ ನಿಲ್ಲಿಸಲೂ ಬೇಡಿ. ಡಯಾಲಿಸಿಸ್ ರೋಗಿಗೆ ಪ್ರೋಟೀನ್ ಬೇಕು. ಹಾಲು, ಮೊಸರು ದಿನಕ್ಕೆ ಎಷ್ಟೆಂದು ವೈದ್ಯರನ್ನೇ ಕೇಳಿ.

ಮಾಡಬೇಕಾದದ್ದು

1. ಒಂದು ಡಯಾಲಿಸಿಸ್ಸೂ ತಪ್ಪಿಸಬೇಡಿ, ಅವಧಿಗೆ ಮುಂಚೆ ಎದ್ದು ಬರಬೇಡಿ.
2. ರಂಜಕ ತಡೆಯುವ ಮಾತ್ರೆ ಬರೆದಿದ್ದರೆ ಊಟದ ಜೊತೆಯಲ್ಲೇ ಕೊಡಿ. ಆಹಾರದ ಜೊತೆ ಸೇರಿದರೆ ಮಾತ್ರ ಅದು ಕೆಲಸ ಮಾಡುತ್ತದೆ.
3. ಕೋಲಾ ಪಾನೀಯ, ಪೊಟ್ಟಣದ ತಿಂಡಿ ಬೇಡ.
4. ಉಗುರು ಕತ್ತರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಒದ್ದೆಯಿರುವಾಗಲೇ ವಾಸನೆಯಿಲ್ಲದ ಕ್ರೀಮು ಹಚ್ಚಿ.
5. ಮನೆಯ ಇತರರಿಗೂ ತುರಿಕೆಯಿದ್ದರೆ ಅದು ಕಜ್ಜಿಯಿರಬಹುದು. ಎಲ್ಲರೂ ವೈದ್ಯರಿಗೆ ತೋರಿಸಿ.

ಮುಖ್ಯವಾಗಿ, ತುರಿಕೆಯ ವಿಷಯವನ್ನು ಡಯಾಲಿಸಿಸ್ ವೈದ್ಯರಿಗೆ ತಿಳಿಸಿ. ಸಣ್ಣ ವಿಷಯವೆಂದು ರೋಗಿಗಳು ಹೇಳುವುದೇ ಇಲ್ಲ. ಇದಕ್ಕೆ ಚಿಕಿತ್ಸೆಯಿದೆ. ಗ್ಯಾಬಪೆಂಟಿನ್ ಎಂಬ ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಡಯಾಲಿಸಿಸ್ ಆದ ಮೇಲೆ ಕೊಡುವುದುಂಟು. ಅಂಗಡಿಯಿಂದ ತಾವೇ ತಂದು ಕೊಟ್ಟರೆ ಅದು ದೇಹದಲ್ಲೇ ಉಳಿದು ರೋಗಿ ಮಂಪರಿಗೆ ಜಾರಬಹುದು.

ದನದ ಔಷಧವನ್ನು ಕೊಟ್ಟಿಗೆಯಲ್ಲೇ ಬೀಗ ಹಾಕಿಡಿ. ಮನೆಯ ಹಿರಿಯರ ತುರಿಕೆಯನ್ನು ಮುಂದಿನ ಡಯಾಲಿಸಿಸ್ ದಿನವೇ ವೈದ್ಯರಿಗೆ ಹೇಳಬೇಕೆಂದು ಕೋರುತ್ತೇನೆ.